ಸೊನ್ನೆಯ ಮನೆ

ನಮ್ಮ ಶಾಲೆಯ ಮಗ್ಗಿ ಮೇಷ್ಟ್ರಿಗೆ ಮೈಯೆಲ್ಲ ಕಣ್ಣು. ಹೊರಗೆ ಹೋಗುವಾಗ ಸೀಮೆಸುಣ್ಣದ ತುಂಡುಗಳನ್ನು ಎಣಿಸಿಡುತ್ತಾರೆ, ಬಂದ ಮೇಲೆ ಮತ್ತೆ ಎಣಿಸುತ್ತಾರೆ. ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ಆಣೆಯಿಟ್ಟು ಹೇಳಿದರೂ ಬೆರಳದ್ದಿ ನೋಡುತ್ತಾರಂತೆ. ಮೂವತ್ತೊಂದು ವರ್ಷದಿಂದ ಲೆಕ್ಕ ಕಲಿಸುತ್ತಿರುವ ಈ ಮನುಷ್ಯ, ಮಗು ಸರಿ ಉತ್ತರ ಬರೆದಾಗಲೂ ಹಾಳೆಯ ಹಿಂಬದಿ ತಿರುವಿ ನೋಡದೆ ಬಿಟ್ಟವರಲ್ಲ.

ಅಂಥವರ ತರಗತಿಗೆ ಲೆಕ್ಕ ಕಲಿಸುವ ಕಂಪ್ಯೂಟರ್‌ಗಳು ಬಂದವು. ಅವುಗಳನ್ನು ನೋಡಿಕೊಳ್ಳಲು ನಾನು ಬಂದೆ. ಅವರ ಪೀರಿಯಡ್‌ನಿಂದ ಕಾಲು ಗಂಟೆ ಕತ್ತರಿಸಿ ನನ್ನ ಕೋಣೆಗೆ ಕೊಟ್ಟರು. ಈ ಕಂಪ್ಯೂಟರ್ ಬರೀ ಸರಿ, ತಪ್ಪು ಹೇಳುವುದಿಲ್ಲ. ಮಗು ಯಾವ ದಾರಿ ಹಿಡಿದು ತಪ್ಪು ಉತ್ತರಕ್ಕೆ ಹೋಯಿತು ಎಂದು ಊಹಿಸುತ್ತದೆ, ಮುಂದಿನ ಲೆಕ್ಕಕ್ಕೆ ಏನು ಬರೆದೀತು ಎಂದೂ ಹೇಳುತ್ತದೆ. ಇದನ್ನು ವಿವರಿಸಿದ್ದೇ ನನಗೆ ಮುಳುವಾಯಿತು. ಮಕ್ಕಳ ನೆಪದಲ್ಲಿ ತಮ್ಮ ಮೇಲೆ ಕಣ್ಣಿಡಲು ಬಂದ ಯಂತ್ರ ಇದು, ನಾನು ಅದರ ಚಾಡಿಕೋರಿ ಎಂದು ಮೇಷ್ಟ್ರು ತೀರ್ಮಾನಿಸಿಬಿಟ್ಟರು. ಮೊದಲ ವಾರದಲ್ಲೇ ಒಂದು ದಿನ ಪಾಠ ಬಿಟ್ಟು ಬಂದು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಮೇಜಿನಡಿ ಬಗ್ಗಿ ನೋಡಿದರು. ನನಗೆ ಮೈಯೆಲ್ಲ ಉರಿಯಿತು.

ತಿಂಗಳ ಪರೀಕ್ಷೆಯಲ್ಲಿ ಐನೂರ ಮೂರರಿಂದ ಇನ್ನೂರ ಅರವತ್ತೆಂಟು ಕಳೆಯುವ ಲೆಕ್ಕವಿತ್ತು. ಬರಬೇಕಾದದ್ದು ಇನ್ನೂರ ಮೂವತ್ತೈದು. ಹದಿನೇಳು ಮಕ್ಕಳು ನೂರ ನಲವತ್ತೈದು ಎಂದು ಬರೆದಿದ್ದರು.

ನಕಲು ಎಂದರು ಮೇಷ್ಟ್ರು. ಮುಂದಿನ ಬೆಂಚಿನಲ್ಲಿ ಕೂರುವ ದರ್ಜಿಯ ಮಗಳು ತರಗತಿಗೇ ಚುರುಕು. ಅವಳೇ ತೋರಿಸಿರಬೇಕು ಎಂದರು. ಆಕೆ ಇಲ್ಲವೆಂದು ಅತ್ತರೂ ಕೇಳಲಿಲ್ಲ. ಅವಳನ್ನು ಕೆಳಗಿನ ತರಗತಿಗೆ ಇಳಿಸುವುದಾಗಿ ಅಪ್ಪನಿಗೆ ಪತ್ರ ಬರೆದು ಜೇಬಿಗಿಟ್ಟರು. ಮಗಳು ಹಿಂದೆ ಬಿದ್ದರೆ ಶಾಲೆ ಬಿಡಿಸಿ ಗುಂಡಿ ಹೊಲಿಯಲು ಕೂರಿಸುತ್ತೇನೆ ಎಂದು ದರ್ಜಿ ಮೊದಲೇ ಹೇಳಿದ್ದ. ಆ ಪತ್ರ ಅವನ ಅಂಗಡಿ ಮುಟ್ಟಿದರೆ ಹುಡುಗಿಯ ಓದು ಮುಗಿದಂತೆ.

ನಾನು ಸುಮ್ಮನಿರಲಾಗಲಿಲ್ಲ. ಇದು ನಕಲಲ್ಲ, ಹದಿನೇಳು ತಲೆಯಲ್ಲೂ ಒಂದೇ ತಪ್ಪು ದಾರಿ ಕೂತಿದೆ ಎಂದು ಕಂಪ್ಯೂಟರ್ ಹೇಳುತ್ತಿದೆ ಎಂದೆ. ಅವರು ನಕ್ಕರು. ಹಾಗಾದರೆ ಒಬ್ಬೊಬ್ಬರಿಗೂ ಬೇರೆ ಲೆಕ್ಕ ಕೊಡಿ, ದೂರ ದೂರ ಕೂರಿಸಿ, ಯಾರು ಏನು ಬರೆಯುತ್ತಾರೆ ಎಂದು ಮೊದಲೇ ಲಕೋಟೆಯಲ್ಲಿಟ್ಟು ಕೊಡುತ್ತೇನೆ ಎಂದು ಸವಾಲು ಹಾಕಿದೆ. ಅವರು ಲಕೋಟೆಯ ಅಂಟಿನ ಮೇಲೆ ಎರಡು ಕಡೆ ಸಹಿ ಹಾಕಿದರು, ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಅದರ ಮೇಲೇ ಕೂತರು.

ಮಕ್ಕಳು ಬರೆದು ಮುಗಿಸಿದ ಮೇಲೆ ಲಕೋಟೆ ಒಡೆದಾಗ ಹದಿನೇಳರಲ್ಲಿ ಹದಿನೈದು ತಪ್ಪು ಉತ್ತರಗಳು ಅಂಕಿ ಬಿಡದೆ ತಾಳೆಯಾದವು. ಮೇಷ್ಟ್ರು ಮೂರು ಸಲ ತಾಳೆ ನೋಡಿದರು. ಆಮೇಲೆ ದರ್ಜಿಯ ಮಗಳನ್ನು ಕರೆದು ಕೇಳಿದರು.

"ಹೀಗೆ ಮಾಡು ಅಂತ ಯಾರು ಹೇಳ್ಕೊಟ್ರು?"

"ನೀವೇ ಮೇಷ್ಟ್ರೇ. ಸೊನ್ನೆ ಮನೇಲಿ ಏನೂ ಇರಲ್ಲ, ಅದನ್ನ ದಾಟಿ ಮುಂದಿನ ಮನೇಲಿ ಸಾಲ ಕೇಳು ಅಂದ್ರಿ."

"ವಾಪಸ್ ಬರ್ತಾ ಸೊನ್ನೆ ಮನೇಲಿ ಒಂಬತ್ತು ಇಟ್ಟು ಬರ್ಬೇಕು. ಅದನ್ನ ಹೇಳಿಲ್ವಾ?"

"ಅಷ್ಟ್ರಲ್ಲಿ ಬೆಲ್ ಹೊಡೀತು. ಉಳಿದಿದ್ದು ನಾಳೆ ಅಂದ್ರಿ." ಹುಡುಗಿ ನನ್ನ ಕಡೆ ನೋಡಿ ದನಿ ತಗ್ಗಿಸಿದಳು. "ಮಾರನೇ ದಿನ ನೀವು ಕಂಪ್ಯೂಟರ್ ರೂಮಲ್ಲಿ ಮೇಜಿನ ಕೆಳಗಿದ್ರಿ."

ಮನೆಯಲ್ಲಿ ಲೆಕ್ಕ ಹೇಳಿಸಿಕೊಂಡ ಮಕ್ಕಳಷ್ಟೇ ಪಾರಾಗಿದ್ದರು. ದರ್ಜಿಯ ಮನೆಯಲ್ಲಿ ಹೇಳಿಕೊಡುವವರು ಯಾರಿದ್ದಾರೆ? ನನಗೆ ಗೆದ್ದ ಖುಷಿಯಾಗಬೇಕಿತ್ತು, ಆಗಲಿಲ್ಲ. ಬೆಲ್ ಬೇಗ ಹೊಡೆದದ್ದು ನನ್ನ ಕೋಣೆಗೆಂದು ಕತ್ತರಿಸಿದ ಕಾಲು ಗಂಟೆಯಿಂದ.

ಮೇಷ್ಟ್ರು ಪತ್ರವನ್ನು ಹರಿದರು. "ನಕಲಂತೂ ನಿಜ," ಎಂದರು ತರಗತಿಗೆ. "ಎಲ್ಲರೂ ನನ್ನ ನೋಡಿಯೇ ಬರೆದಿದೀರಿ." ಬೋರ್ಡಿನಲ್ಲಿ ಐನೂರ ಮೂರು ಬರೆದು, ಅದರ ಸೊನ್ನೆ ಹೊಡೆದು ಹಾಕಿ ಒಂಬತ್ತು ಬರೆದರು.

ಸೀಮೆಸುಣ್ಣ ಈಗಲೂ ಎಣಿಸುತ್ತಾರೆ, ನನ್ನನ್ನಂತೂ ನಂಬಿಲ್ಲ. ಆದರೆ ಬೆಲ್ ಹೊಡೆದ ಮೇಲೆ ಬಾಗಿಲಿಗೆ ಅಡ್ಡ ನಿಂತು, ಹೊರಗೆ ಬಿಡುವ ಮುಂಚೆ ಒಬ್ಬೊಬ್ಬರನ್ನೇ ಕೇಳುತ್ತಾರೆ: "ನಾನು ಏನಂದೆ, ಹೇಳು?"