ಪರದೇಶಿ ಅಂದವರಿಗೆ ಶರಣವ್ವನ ಜವಾಬು

ಶರಣವ್ವನ ಸಿಟ್ಟು ಕಾಣದವರು ಹುಬ್ಬಳ್ಳಿಯ ನಮ್ಮ ಕಮರಿಪೇಟೆಯಲ್ಲಿ ಯಾರೂ ಇರಲಿಲ್ಲ. ನಾನಂತೂ ದಿನಾ ಕಾಣುತ್ತಿದ್ದೆ. ಅವಳ ಅರಳೆ ಅಂಗಡಿಯಲ್ಲಿ ತಕ್ಕಡಿ ಹಿಡಿಯುವವನು ನಾನು, ಹೊಳೆಯಪ್ಪ. ತೂಕ ತುಸು ಹೆಚ್ಚುಕಡಿಮೆಯಾದರೆ ಸಾಕು, "ಏ ಹೊಳೆಯಪ್ಪಾ, ಕಣ್ಣ ಮನ್ಯಾಗ ಇಟ್ಟ ಬಂದೀಯೇನೋ?" ಎಂದು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಬೈದ ಮೇಲೆ ಚಹಾ ತರಿಸುತ್ತಿದ್ದಳು. ಅಂಥ ಹೆಂಗಸು.

ಅವಳು ಹುಟ್ಟಿದ್ದು ಮೊಗಲಾಯಿಯಲ್ಲಿ, ಯಲಬುರ್ಗಿಯ ಹತ್ತಿರ. ನಿಜಾಮನ ಸೀಮೆಯನ್ನು ಆಗ ನಾವು ಹಾಗೆ ಕರೆಯುತ್ತಿದ್ದೆವು. ಗಂಡನ ಜೊತೆ ಇಂಗ್ಲಿಷರ ಆಳ್ವಿಕೆಯ ಹುಬ್ಬಳ್ಳಿಗೆ ಬಂದು ಅಂಗಡಿ ಹಾಕಿದಳು. ಗಂಡ ಜ್ವರ ಬಂದು ತೀರಿಕೊಂಡ. ಅವನ ಸೋದರತ್ತೆಯ ಮಗ ಮಡಿವಾಳಪ್ಪ ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಅರಳೆ ವ್ಯಾಪಾರಿ. "ಹೆಂಗಸಿಗ್ಯಾಕ ಈ ತಾಪತ್ರಯ? ಅಂಗಡಿ ನನಗ ಬಿಡು, ಊಟಕ್ಕ ಕಡಿಮಿ ಮಾಡೂದಿಲ್ಲ" ಎಂದ. ಮರುದಿನ ಅವಳು ಅಂಗಡಿಯನ್ನು ಎಂದಿಗಿಂತ ಬೇಗ ತೆರೆದಳು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು ಇದು. ಪೇಟೆಯ ದೊಡ್ಡ ಅಂಗಡಿಗಳಿಗೆ ಒಂದೊಂದಾಗಿ ಟೆಲಿಫೋನು ಬಂತು, ಮಡಿವಾಳಪ್ಪನಿಗೂ ಬಂತು. ಮಿಲ್ಲಿನ ಏಜೆಂಟರು ಸ್ಟೇಶನ್ ಬದಿಯ ಕಚೇರಿಯಲ್ಲಿ ಕುಳಿತೇ ದರ ಹೇಳಿ ಮಾಲು ಹಿಡಿಯತೊಡಗಿದರು. ನಾನು ಓಡಿ ಹೋಗಿ ದರ ಕೇಳಿಕೊಂಡು ಬರುವಷ್ಟರಲ್ಲಿ ಮಡಿವಾಳಪ್ಪನ ಅರಳೆ ಗಾಡಿ ಏರಿರುತ್ತಿತ್ತು. ನಮ್ಮದು ಗೋದಾಮಿನಲ್ಲೇ ಉಳಿಯುತ್ತಿತ್ತು. ಟೆಲಿಫೋನು ಬರಬೇಕು, ಇಲ್ಲದಿದ್ದರೆ ಅಂಗಡಿ ಮಡಿವಾಳಪ್ಪನ ಪಾಲಾಗಬೇಕು. ಅವನು ಅದನ್ನೇ ಕಾಯುತ್ತಿದ್ದ, ಹಲ್ಕಟ್ ಮನುಷ್ಯ!

ಅರ್ಜಿ ಹಾಕಲು ಟೆಲಿಫೋನ್ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ. ಗುಮಾಸ್ತರು ಪುಣೆ ಕಡೆಯವರು, ಹರಕುಮುರುಕು ಕನ್ನಡ. ಊರು ಯಾವುದೆಂದು ಕೇಳಿದರು. ಅವಳು ಹೇಳಿದ ಕೂಡಲೇ ಲೇಖನಿ ಕೆಳಗಿಟ್ಟರು.

"ನಿಜಾಮ ಸರಕಾರದ ಊರು. ಅಂದರೆ ನೀವು ಪರದೇಶಿ. ಪರದೇಶಿಗೆ ಹಾಗೇ ಟೆಲಿಫೋನ್ ಸಿಗೋದಿಲ್ಲ, ಬಾಯಿಯವರೇ. ಇಲ್ಲಿಯವರ ಜಾಮೀನು ಬೇಕು."

ಅವರ ಮರಾಠಿಯಲ್ಲಿ ಪರದೇಶಿ ಎಂದರೆ ಬೇರೆ ನಾಡಿನವರು, ಅಷ್ಟೇ. ನಮ್ಮ ಕಡೆ ಆ ಮಾತನ್ನು ಹಿಂದೆ ಮುಂದೆ ಯಾರೂ ಇಲ್ಲದ ದಿಕ್ಕೇಡಿಗೆ ಆಡುತ್ತಾರೆ. ಅದೂ ಗಂಡ ಸತ್ತ ಹೆಂಗಸಿನ ಮುಖಕ್ಕೆ!

"ಯಾರಿಗೋ ಪರದೇಶಿ ಅಂತಿ?" ಶರಣವ್ವ ಮೇಜು ಗುದ್ದಿದಳು. "ನಾ ಪರದೇಶಿ ಏನು? ನನಗ ಯಾರೂ ಇಲ್ಲೇನು? ನಾಳೆ ಬರ್ತೇನಿ, ಕಣ್ಣ ತಗದ ನೋಡು!"

ಪಾಪ, ಗುಮಾಸ್ತರಿಗೆ ತಾವು ಏನು ತಪ್ಪು ಮಾಡಿದೆವೆಂದೇ ತಿಳಿಯಲಿಲ್ಲ.

ಸಂಜೆಯೊಳಗೆ ಸುದ್ದಿ ಮಡಿವಾಳಪ್ಪನಿಗೆ ಮುಟ್ಟಿತು. ನಗುತ್ತಾ ಬಂದ. "ಜಾಮೀನ ನಾ ಕೊಡ್ತೇನಿ ವೈನಿ. ಒಂದ ಮಾತು, ನಿನ್ನ ಟೆಲಿಫೋನೂ ನನ್ನ ಅಂಗಡ್ಯಾಗ ಇರ್ಲಿ. ದರ ಬಂದ ಕೂಡ್ಲೆ ಹೇಳಿ ಕಳಸ್ತೇನಿ."

"ನಿನ್ನ ಜಾಮೀನಕ್ಕ ಬೆಂಕಿ ಹಚ್ಚು" ಎಂದಳು ಶರಣವ್ವ.

ಮರುದಿನ ಅವಳ ಹಿಂದೆ ಒಂದು ದಿಬ್ಬಣವೇ ಹೊರಟಿತು. ಅರಳೆ ಹಸನು ಮಾಡುವ ಹೆಂಗಸರು, ಗಾಡಿ ಹೊಡೆಯುವವರು, ಸೂಲಗಿತ್ತಿ ರುಕ್ಮವ್ವ, ಪಕ್ಕದ ಮನೆಯಲ್ಲಿ ಗಾದಿ ಹೊಲಿಯುವ ಮಾಬೂಬಿ. ನಾನು ಹೆದರುತ್ತಲೇ, "ಅಕ್ಕಾರ, ಒಬ್ಬರ ಜಾಮೀನ ಸಾಕ್ರಿ" ಎಂದೆ.

"ಜಾಮೀನ ಆಮ್ಯಾಲ. ನನಗ ಯಾರ್ಯಾರ ಅದಾರ ಅನ್ನೂದನ್ನ ಆ ಮನುಷ್ಯಾ ಮೊದಲ ಎಣಸಲಿ."

ಕಚೇರಿಯೊಳಗೆ ಕಾಲಿಡಲು ಜಾಗವಿಲ್ಲದಂತಾಯಿತು. ಗುಮಾಸ್ತರು ಎದ್ದೇ ನಿಂತರು. ಹುಬ್ಬಳ್ಳಿಯಲ್ಲಿ ಸ್ವಂತ ಮನೆಯಿದ್ದವರು ಒಬ್ಬರಾದರೂ ಮುಂದೆ ಬರಬೇಕು ಎಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮಂಥವರಿಗೆಲ್ಲಿಯ ಸ್ವಂತ ಮನೆ!

ಮಾಬೂಬಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ನನ್ನ ಮನಿ ನಂದಽ ಐತ್ರಿ. ಹೆಬ್ಬಟ್ಟ ಎಲ್ಲೆ ಒತ್ತಲಿ?"

"ಇವರು ನಿಮಗೆ ಏನಾಗಬೇಕು?" ಎಂದರು ಗುಮಾಸ್ತರು.

"ಏನಾಗಬೇಕ್ರಿ? ಆಕಿ ಗಂಡ ಸತ್ತಾಗ ನಾ ಅತ್ತೇನಿ. ನನ್ನ ಗಂಡ ನನ್ನ ಬಡದಾಗ ಆಕಿ ಬಂದು ಅವನ್ನ ಬಡದಾಳ. ಇನ್ನೇನಾಗಬೇಕ್ರಿ?"

ಇಡೀ ಕಚೇರಿ ನಕ್ಕಿತು. ಗುಮಾಸ್ತರೂ ನಕ್ಕು ಮಸಿಯ ಡಬ್ಬಿ ಮುಂದಿಟ್ಟರು. ಶರಣವ್ವ ಮಾತ್ರ ನಗಲಿಲ್ಲ. ಮಾಬೂಬಿಯ ಮಸಿ ಹತ್ತಿದ ಬೆರಳನ್ನು ತನ್ನ ಸೆರಗಿನಿಂದ ಒರೆಸಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ಅಂದೇ ಮೊದಲು ನೋಡಿದೆ.

ಟೆಲಿಫೋನು ಬಂತು. ಅಂಗಡಿಯ ಗೋಡೆಗೆ ಅದನ್ನು ಬಡಿದ ದಿನ ಮಡಿವಾಳಪ್ಪನೂ ಬಂದು, ಯಾರೂ ಕರೆಯದಿದ್ದರೂ ಗಾದಿಯ ಮೇಲೆ ಕುಳಿತ. ಗಂಟೆ ಬಾರಿಸಿತು. ಅರಳೆ ಹಸನು ಮಾಡುತ್ತಿದ್ದ ಹೆಂಗಸರು ಅಯ್ಯಯ್ಯ ಎಂದು ಎದ್ದರು. ಶರಣವ್ವ ಹೋಗಿ ಎತ್ತಿಕೊಂಡಳು. ಮಿಲ್ಲಿನ ಏಜೆಂಟರು ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ ನಮಗೂ ಕೇಳಿತು.

"ಯಾರು, ಹೆಂಗಸರೇನು? ಯಜಮಾನರ ಕೈಯಾಗ ಕೊಡ್ರಿ."

ಮಡಿವಾಳಪ್ಪ ಎದ್ದು ಕೈ ಚಾಚಿದ. "ತಾ ವೈನಿ, ವ್ಯಾಪಾರದ ಮಾತು. ನಾ ಮಾತಾಡ್ತೇನಿ."

ಶರಣವ್ವ ಅವನ ಕೈ ನೋಡಿದಳು. ಟೆಲಿಫೋನನ್ನು ಇನ್ನೊಂದು ಕಿವಿಗೆ ಹಚ್ಚಿಕೊಂಡು ಅವನಿಗೆ ಬೆನ್ನು ಮಾಡಿ ನಿಂತಳು.

"ಯಜಮಾನ್ರು ತೀರಿಕೊಂಡ ಭಾಳ ದಿನಾ ಆತ್ರಿ. ಅಂಗಡಿ ನಂದು. ದರ ಹೇಳ್ರಿ."

ಆ ಕಡೆಯಿಂದ ದರ ಬಂತು.

"ಕಡಿಮಿ ಆತು" ಎಂದಳು ಶರಣವ್ವ. "ಏರಸ್ರಿ."