ಮಗಳು ತಿದ್ದಿದ ಪುಟ

ಶಹಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಕೆಂಪು ಪೆನ್ನಿಗೆ ಹೆಸರುವಾಸಿ. ಒಂದು ಕೊಂಬು ತಪ್ಪಿದರೂ ಮಕ್ಕಳನ್ನು ಸುಮ್ಮನೆ ಬಿಟ್ಟವಳಲ್ಲ. ಅಂಥವಳ ಬರಹವನ್ನು ನನ್ನ ಮಗಳೇ ತಿದ್ದಿದಳು. ಆ ದಿನದ ನಾಚಿಕೆ ಇನ್ನೂ ಇಳಿದಿಲ್ಲ.

ಅವಳಿಗೀಗ ಹದಿನೈದು. ಎರಡು ವರ್ಷದವಳಿದ್ದಾಗ ದತ್ತು ತೆಗೆದುಕೊಂಡೆವು. ಆಟಿಸಂ ಇದೆ ಎಂದು ತಿಳಿದದ್ದು ಆಮೇಲೆ. ಮಾತು ಕಡಿಮೆ. ಆದರೆ ಒಮ್ಮೆ ಕೇಳಿದ್ದನ್ನು, ಆಡಿದವರ ದನಿಯ ಸಮೇತ, ವರ್ಷಗಳಾದರೂ ಹಾಗೇ ಒಪ್ಪಿಸುತ್ತಾಳೆ. ಸುರಪುರದ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುವುದನ್ನು ಅವಳ ಬಾಯಲ್ಲಿ ಕೇಳಿ ನೆಂಟರು ನಗುತ್ತಾರೆ. ನಾನೂ ನಗುತ್ತಿದ್ದೆ.

ಹೋದ ವರ್ಷ ಅವಳಂಥ ಹುಡುಗಿಯ ಮೇಲೆ ಒಂದು ಕಾದಂಬರಿ ಬರೆಯಲು ಕೂತೆ. ಅದರಲ್ಲಿನ ತಾಯಿಯನ್ನು ಸಿಕ್ಕಾಪಟ್ಟೆ ಒಳ್ಳೆಯವಳನ್ನಾಗಿ ಮಾಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಬಸ್ಸಿನ ಅಧ್ಯಾಯವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಮಗಳು ಪಕ್ಕದಲ್ಲಿ ಕೂತು ಹಾಳೆಗಳ ಅಂಚು ಸರಿಹೊಂದಿಸುತ್ತಿದ್ದಳು. ಕಾದಂಬರಿಯ ಹುಡುಗಿ ತನ್ನ ಕಿಟಕಿ ಸೀಟಿನಲ್ಲಿ ಬೇರೆಯವರು ಕೂತಿದ್ದಕ್ಕೆ ಚೀರುತ್ತಾಳೆ, ಹೆಂಗಸೊಬ್ಬಳು ಬೈಯುತ್ತಾಳೆ, ತಾಯಿ ತಲೆಯೆತ್ತಿ, “ಇವಳು ನನ್ನ ಮಗಳು” ಎನ್ನುತ್ತಾಳೆ.

“ಹಂಗ ಅಂದಿಲ್ಲ,” ಎಂದಳು ಮಗಳು.

ನಾನು ಹಾಗೆ ಅಂದಿರಲಿಲ್ಲ, ನಿಜ. ಮೂರು ವರ್ಷದ ಹಿಂದೆ ಯಾದಗಿರಿಯಿಂದ ಬರುವಾಗ ಮಗಳು ಯಾವಾಗಲೂ ಕೂರುವ ಕಿಟಕಿ ಸೀಟಿನಲ್ಲಿ ಕೂತಿದ್ದವರು ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ. ಮಗಳು ಚೀರುತ್ತಾ ಕಂಬಿಗೆ ತಲೆ ಚಚ್ಚಿಕೊಂಡಳು. ಇಡೀ ಬಸ್ಸು ತಿರುಗಿ ನೋಡಿತು. “ಟೀಚರ್ರ, ಊರ ಮಕ್ಕಳಿಗೆಲ್ಲಾ ಕಲಸ್ತೀರಿ, ಮನ್ಯಾಗಿನಾಕಿಗಿ ಇಷ್ಟೂ ಕಲ್ಸಿಲ್ಲೇನ್ರಿ?” ಎಂದರು ಆಕೆ. ತಲೆ ಚಚ್ಚಿಕೊಳ್ಳುವ ಮಗಳಿಗಿಂತ ನನ್ನ ಮರ್ಯಾದೆ ನನಗೆ ದೊಡ್ಡದಾಯಿತು.

ಆಗ ನಾನು ಕೊಟ್ಟ ಉತ್ತರವನ್ನೇ ಈಗ ಮಗಳು, ಹಾಳೆಗಳಿಂದ ಕಣ್ಣೆತ್ತದೆ, ನನ್ನದೇ ದನಿಯಲ್ಲಿ ಹೇಳಿದಳು: “ನಮ್ಮ ಹೊಟ್ಟ್ಯಾಗ ಹುಟ್ಟಿದಾಕಿ ಅಲ್ರಿ. ಸಾಕ್ಕೊಂಡೀವಿ.” ಆಮೇಲೆ ಆ ತಾಯಿಯ ದನಿ: “ಹೌದೇನ್ರಿ? ಪುಣ್ಯದ ಕೆಲಸ ಮಾಡೀರಿ ಬಿಡ್ರಿ.” ಆಮೇಲೆ, ಆ ಹೊಗಳಿಕೆಗೆ ನಾನು ನಕ್ಕಿದ್ದ ಸಣ್ಣ ನಗು.

ಅಂದು ಆಕೆ ಎದ್ದು ಸೀಟು ಕೊಟ್ಟಿದ್ದರು. ಮಗಳು ಕಿಟಕಿಯಾಚೆ ನೋಡುತ್ತಾ ತೆಪ್ಪಗೆ ಕೂತಿದ್ದಳು. ಕೇಳಿಸಿಕೊಂಡಿರಲಿಕ್ಕಿಲ್ಲ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಅವಳ ಕಿವಿ ಎಂಥದ್ದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

“ಮತ್ತ ಏನ್ ಬರೀಲಿ?” ಎಂದೆ.

“ಅಂದಿದ್ದ ಬರಿ, ಅವ್ವ.”

ನನ್ನ ಸಾಲನ್ನು ಹೊಡೆದುಹಾಕಿ, ಅಂದದ್ದನ್ನು ಬರೆದೆ. ಅವಳು ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದಳು. ಕೊನೆಯ ಪದಕ್ಕೆ ಬಂದು ಬೆರಳು ನಿಲ್ಲಿಸಿದಳು.

“ನಕ್ಕಿದ್ದು ಬರ್ದಿಲ್ಲ,” ಎಂದಳು.