ದನದ ಡಾಕ್ಟ್ರು ನೋಡಿದ ಕುದುರೆ

ಶ್ರಾವ್ಯ, ಧನುಷ್, ನರಿಮೊಗರಿನಲ್ಲಿ ನಮಗೊಬ್ಬರು ದನದ ಡಾಕ್ಟ್ರು ಇದ್ದರು. ಯಾರು ಅವಸರ ಮಾಡಿದರೂ, "ತಡೀರಿ ಮಾರಾಯ್ರೆ, ಅದನ್ನೇ ಕೇಳುವ" ಎಂದು ಪ್ರಾಣಿಯ ಮೈ ಮುಟ್ಟುತ್ತಿದ್ದರು.

ಮದುವೆ ದಿಬ್ಬಣಕ್ಕೆಂದು ನಿಮ್ಮ ಅಜ್ಜ ಸಾಕಿದ ಕುದುರೆ ಒಮ್ಮೆ ಮದುಮಗನನ್ನೇ ಕೆಡವಿತು. ಅಜ್ಜ ಅದನ್ನು ಮಾರಿಬಿಟ್ಟರು. ಸಾಗಿಸುವ ಲಾರಿ ಅಂಗಳಕ್ಕೆ ಬಂದಾಗಲೇ ಡಾಕ್ಟ್ರೂ ಬಂದರು.

ಹೊರಗೆ ಗಾಯವಿರಲಿಲ್ಲ. ಅವರು ಬೆನ್ನುದ್ದಕ್ಕೂ ಬೆರಳೊತ್ತುತ್ತ ಹೋದರು. ಒಂದು ಕಡೆ ಕುದುರೆ ಬೆನ್ನು ತಗ್ಗಿಸಿ, ಕಿವಿ ಹಿಂದಕ್ಕೊತ್ತಿ, ಕಾಲೆತ್ತಿತು. ನಾನು ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದೆ. ಅವರು ಕದಲಲಿಲ್ಲ.

"ಕೂರುವ ಜೀನಿನ ಅಡಿಗೆ ಎಂತ ಹಾಕುದು?"

"ಅಡಿಕೆ ಹಾಳೆ, ಡಾಕ್ಟ್ರೆ. ಜೀನಿಗೆ ಬೆವರು ತಾಗಬಾರದಲ್ಲ" ಎಂದರು ಅಜ್ಜ.

"ಒಣಗಿದ ಹಾಳೆಯ ಅಂಚಿನ ಮೇಲೆ ನೀವೊಮ್ಮೆ ಮಲಗಿ ನೋಡಿ."

ಅಜ್ಜ ಲಾರಿಯನ್ನು ಹಿಂದಕ್ಕೆ ಕಳಿಸಿದರು.

ನೀವಿಬ್ಬರೂ ಆ ಕುದುರೆಯ ಬೆನ್ನೇರಿ ಕೂತ ಫೋಟೊ ಉಂಟಲ್ಲ, ಅದರ ಜೊತೆ ಈ ಕಾಗದವನ್ನೂ ಜೋಪಾನವಾಗಿಡಿ.